ಮರಡಿಯ ಮೇಲಿನ ಫ್ಯಾನು

ನಮ್ಮ ಮನೆತನದಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಿಕೊಳ್ಳಬೇಕು. ನನ್ನ ಗಂಡ ಕಿರಿಯ. ಆರಿಸಿದ್ದು ಮಾತ್ರ ನಾನು. ಎರೆ ಹೊಲ ನಮಗೆ ಬಂತು, ಪಕ್ಕದ ಕಲ್ಲುಮರಡಿ, ಬರೀ ಕಲ್ಲು ತುಂಬಿದ ದಿಬ್ಬ, ಅಂಜಿನಕ್ಕನ ಪಾಲಿಗೆ ಹೋಯಿತು. ಅಂಜಿನಕ್ಕ ಅಂದರೆ ನನ್ನ ಭಾವನ ಹೆಂಡತಿ. ಅವತ್ತು ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ.

ಆಮೇಲೆ ಹರಪನಹಳ್ಳಿ ಕಡೆಯಿಂದ ಗಾಳಿಯಿಂದ ಕರೆಂಟ್ ತೆಗೆಯುವ ಕಂಪನಿಯವರು ಬಂದು ಗಾಳಿ ಅಳೆದರು. ಅವರಿಗೆ ಬೇಕಾಗಿದ್ದು ನನ್ನ ಎರೆಮಣ್ಣಲ್ಲ, ಅವಳ ಮರಡಿ. ಎತ್ತರವಂತೆ, ಗಾಳಿ ಚೆನ್ನಾಗಿ ಬೀಸುತ್ತದಂತೆ. ಹತ್ತು ಹುಣಸೆಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರದ ಫ್ಯಾನು ಎದ್ದು ನಿಂತಿತು. ಬಾಗಿಲು ತೆಗೆದರೆ ಅದು, ರೊಟ್ಟಿ ಬಡಿಯುತ್ತಾ ಕಿಟಕಿ ನೋಡಿದರೆ ಅದು. ಬಸ್ಸಿನ ಕಂಡಕ್ಟರ್ ಕೂಡ "ಅಂಜಿನಕ್ಕನ ಫ್ಯಾನ್ ಯಾರ್ರೀ, ಇಳೀರಿ" ಎಂದು ಕೂಗತೊಡಗಿದ. ಇಪ್ಪತ್ತು ವರ್ಷದಿಂದ ನಾನೂ ಇದೇ ಊರಲ್ಲಿದ್ದೇನೆ, ನನ್ನ ಹೆಸರಿಗೆ ಒಂದು ಕಲ್ಲೂ ಇಲ್ಲ. ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

ಆ ದಿನಗಳಲ್ಲೇ ನಮ್ಮ ಎಮ್ಮೆ ಗುದ್ದಿ ನನ್ನದೊಂದು ಗಬ್ಬದ ಕುರಿ ಕಂದು ಹಾಕಿತು, ಗಬ್ಬ ಇಳಿದುಹೋಯಿತು. ನೀರಿನ ಟ್ಯಾಂಕಿನ ಹತ್ತಿರ ಹೆಂಗಸರು ಕೇಳಿದಾಗ ನನ್ನ ಬಾಯಿಗೆ ಎಮ್ಮೆಯ ಹೆಸರು ಬರಲಿಲ್ಲ.

"ಆ ಫ್ಯಾನಿನ ನೆಳ್ಳು ಬಿತ್ರಿ ಅದರ ಮ್ಯಾಲ. ಗರಗರ ತಿರುಗೋ ನೆಳ್ಳು. ಗಬ್ಬ ನಿಲ್ತೈತೇನು?" ಎಂದೆ.

ಎರಡೇ ದಿನಕ್ಕೆ ಮಾತು ಊರು ದಾಟಿತು. ಇನ್ನೂ ನಾಲ್ಕು ಫ್ಯಾನಿಗೆ ಒಪ್ಪಿಗೆ ಕೇಳಲು ಕಂಪನಿಯವರು ಸಭೆ ಕರೆದರೆ ಕುರಿಯವರೆಲ್ಲ ಎದ್ದು ನಿಂತರು. "ಕಲ್ಲಿದ್ದಲು ಸುಟ್ಟ ಕರೆಂಟ್ ಬರಾಕತ್ತೈತಲ್ರಿ, ಅದ ಸಾಕು. ನಮ್ಮ ಕುರಿ ಹಾಳು ಮಾಡಬ್ಯಾಡ್ರಿ!" ನಾನು ಹಿಂದೆ ಕೂತು ತಲೆಯಾಡಿಸಿದೆ. ಅಂಜಿನಕ್ಕ ನನ್ನನ್ನೇ ನೋಡಿ, ಎದ್ದು ಮನೆಗೆ ಹೋದಳು.

ಬೇಸಿಗೆ ಬಂತು. ಬಿತ್ತನೆಗೆ ಮೊದಲು ಹೊಲದಲ್ಲಿ ನಾಲ್ಕಾರು ದಿನ ಕುರಿಮಂದೆ ನಿಲ್ಲಿಸಬೇಕು. ಹಿಕ್ಕೆ, ಗಂಜಲ ಬಿದ್ದರೆ ಅದೇ ಗೊಬ್ಬರ. ಹೋದ ವರ್ಷ ನಿಲ್ಲಿಸಿರಲಿಲ್ಲ, ನಮ್ಮ ಜೋಳ ಮೊಣಕಾಲು ದಾಟಲಿಲ್ಲ. ಈ ಸಲವೂ ತಪ್ಪಿದರೆ ಮನೆಯಲ್ಲಿ ರೊಟ್ಟಿಗೆ ಜೋಳ ಇರುವುದಿಲ್ಲ. ಕುರಿ ಕಾಯುವ ಹುಲುಗಣ್ಣ ಇನ್ನೂರು ಕುರಿ ಹೊಡೆದುಕೊಂಡು ನಮ್ಮ ಬದುವಿನ ಪಕ್ಕದಲ್ಲೇ ಹೊರಟಿದ್ದ. ಕರೆದೆ.

"ಆಗಂಗಿಲ್ರಿ ಅಕ್ಕಾರ. ಹೊತ್ತು ಮೂಡಿದ್ರ ಫ್ಯಾನಿನ ನೆಳ್ಳು ನಿಮ್ಮ ಹೊಲದಾಗ ಬೀಳ್ತೈತಿ. ನೀವ ಹೇಳಿದ್ದಲ್ರಿ?"

ಮಾಡಿದ್ದುಣ್ಣೋ ಮಹಾರಾಯ. ಅಂಜಿನಕ್ಕ ಮರಡಿಯಲ್ಲಿ ಕಲ್ಲು ಆರಿಸುತ್ತಿದ್ದಳು, ಕೇಳಿಸುವಷ್ಟು ಹತ್ತಿರ. ಸುಮ್ಮನಿದ್ದರೆ ಬೆಳೆ ಹೋಗುತ್ತದೆ, ಬಾಯಿ ಬಿಟ್ಟರೆ ಮಾನ ಹೋಗುತ್ತದೆ. ಹುಲುಗಣ್ಣ ಕುರಿಗಳ ಹಿಂದೆ ನಡೆದೇಬಿಟ್ಟ.

"ನಿಲ್ಲಪಾ! ನೆಳ್ಳಲ್ಲ, ನಮ್ಮ ಎಮ್ಮಿ ಗುದ್ದಿದ್ದು. ಹೊಟ್ಟಿಕಿಚ್ಚಿಗೆ ಸುಳ್ಳು ಹೇಳೀನಿ!" ಎಂದು ಕೂಗಿದೆ.

ಅಂಜಿನಕ್ಕ ಬದುವಿಗೆ ಬಂದಳು. ನಾನು ಬೈಗುಳಕ್ಕೆ ಕಾದೆ.

"ನಂಗ ಅವತ್ತ ಗೊತ್ತಿತ್ತು ಮಂಜವ್ವ. ಎಮ್ಮಿ ಗುದ್ದಿದ್ದು ನಮ್ಮ ಅಂಗಳದಿಂದ ಕಂಡಿತ್ತು."

"ಮತ್ತ ಸಭಾದಾಗ ಯಾಕ ಹೇಳಲಿಲ್ಲ?"

"ಊರ ಮುಂದ ನೀನು ಸುಳ್ಳುಗಾರ್ತಿ ಆಗಿದ್ರ, ಮರುದಿನ ಕೊಡ ಹಿಡ್ಕೊಂಡು ನೀರಿಗೆ ಹೆಂಗ ಹೋಗ್ತಿದ್ದಿ?" ಎಂದವಳೇ ಹುಲುಗಣ್ಣನ ಕಡೆ ತಿರುಗಿದಳು. "ಮೊದ್ಲ ಇವರ ಹೊಲದಾಗ ನಿಲ್ಸಪಾ. ನಮ್ಮದು ಆಮ್ಯಾಲ."

ಕುರಿಗಳು ನನ್ನ ಹೊಲಕ್ಕೆ ನುಗ್ಗಿದವು. ಸಂತೋಷಪಡಬೇಕಿತ್ತು. ಫ್ಯಾನಾದರೆ ಇವತ್ತಲ್ಲ ನಾಳೆ ನಮಗೂ ಒಂದು ಬಂದೀತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಇಷ್ಟು ದಿನ ಬಾಯಿ ಕಟ್ಟಿಕೊಂಡು ನನ್ನ ಮಾನ ಕಾದವಳ ಎದುರು ಏನು ಮಾಡಲಿ? ಇದರಲ್ಲೂ ಅವಳೇ ಮೇಲಾದಳು. ಹೊಟ್ಟೆ ಮೊದಲಿಗಿಂತ ಜಾಸ್ತಿ ಉರಿಯಿತು.