ಹೊರಟುಹೋಗುವ ಕೆಲಸ

ಹಕ್ಕಿಗೆ ಲೆಕ್ಕ ಬರುವುದಿಲ್ಲ. ಗೂಡಿನ ಎದುರು ಕಟ್ಟಿದ ಗೋಣಿತಾಟಿನ ಮರೆಗೆ ಇಬ್ಬರು ಹೋಗಿ, ಒಬ್ಬರು ಗಟ್ಟಿಯಾಗಿ ಮಾತಾಡಿಕೊಂಡು ವಾಪಸಾದರೆ ಸಾಕು, ಎಲ್ಲರೂ ಹೋದರೆಂದು ನಂಬಿ ಅದು ಮೊಟ್ಟೆಯ ಮೇಲೆ ಬಂದು ಕೂರುತ್ತದೆ. ಒಳಗೆ ಉಳಿದವರು ಆರಾಮವಾಗಿ ಫೋಟೋ ತೆಗೆಯಬಹುದು. ಮದುವೆಯಾಗಿ ಆರು ವರ್ಷ, ಒಳಗೆ ಉಳಿಯುವುದು ನನ್ನ ಗಂಡ ಗೌರೀಶಂಕರರ ಕೆಲಸ, ಹೊರಟುಹೋಗುವುದು ನನ್ನ ಕೆಲಸ.

ಎಲ್ಲೆಲ್ಲಿಂದ ಹೊರಟುಹೋಗಿಲ್ಲ ನಾನು! ತಲಘಟ್ಟಪುರದ ಬಂಡೆಗಳಿಂದ, ಮಡಿವಾಳದ ಕೆರೆಯಿಂದ, ರೈಲು ಹತ್ತಿ ಹೋಗಿದ್ದ ರಾಣೆಬೆನ್ನೂರಿನ ಬಯಲಿನಿಂದ ಕೂಡ. ಅಲ್ಲಿ ಸೊಂಟದೆತ್ತರದ ದೊರವಾಯನ ಹಕ್ಕಿ ಬಂದು ನಿಂತಿತ್ತಂತೆ. ನಾನು ಅದಕ್ಕೆ ಬೆನ್ನು ತೋರಿಸಿಕೊಂಡು ನಡೆಯುತ್ತಿದ್ದೆ. "ಹಿಂದೆ ತಿರುಗಿ ನೋಡ್ಬೇಡ, ಅದಕ್ಕೆ ಅನುಮಾನ ಬರುತ್ತೆ" ಎಂದು ಇವರ ಕಟ್ಟಪ್ಪಣೆ. ಹಕ್ಕಿಯನ್ನು ನಾನು ನೋಡಿದ್ದು ಜಯನಗರದ ನಮ್ಮ ಬಚ್ಚಲಮನೆಯಲ್ಲಿ, ಇವರು ಪ್ರಿಂಟ್ ತೊಳೆದು ಒಣಗಲು ಹಾಕಿದಾಗ. ಆ ಚಿತ್ರ ವಾರಪತ್ರಿಕೆಯಲ್ಲಿ ಬಂತು. ಕೆಳಗೆ ಹೀಗೆ ಅಚ್ಚಾಗಿತ್ತು: ಬಟ್ಟಬಯಲಿನಲ್ಲಿ ಒಬ್ಬರೇ ಕೂತು ಶ್ರೀ ಗೌರೀಶಂಕರ ಅವರು ತೆಗೆದದ್ದು.

ಒಬ್ಬರೇ ಅಂತೆ! ಗೂಟ ಹೊತ್ತವಳು, ಬುತ್ತಿ ಕಟ್ಟಿದವಳು, ಬಿಸಿಲಲ್ಲಿ ಮೂರು ಗಂಟೆ ಒಣಗಿದವಳು ಯಾರು? ನನಗೆ ಮೈಯೆಲ್ಲ ಉರಿಯಿತು. ಇವರು ಮಾತ್ರ ಆ ಪುಟಕ್ಕೆ ಕಟ್ಟು ಹಾಕಿಸುವ ಸಂಭ್ರಮದಲ್ಲಿದ್ದರು.

ಅರವತ್ತೆರಡನೆಯ ಇಸವಿಯ ಶ್ರಾವಣದಲ್ಲಿ ಇವರು ಬಿಳೇಕಹಳ್ಳಿ ಕೆರೆಯಂಗಳದಲ್ಲಿ ಯಾವುದೋ ನೀರುಕೋಳಿಯ ಮುಂದೆ ಮರೆ ಹಾಕಿದ್ದರು. ನಾನು ಎಂದಿನಂತೆ ಹೊರಟುಬಂದು, ದೂರದ ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದೆ. ಪಕ್ಕದ ಗದ್ದೆಯ ಚಿಕ್ಕಬೈರಪ್ಪ ಸುಮ್ಮನಿರಲಾರದೆ ಕೇಳಿದ:

"ಅಲ್ಲಮ್ಮಾ, ಅವ್ರು ಹಕ್ಕಿ ಕಾಯ್ತಾರೆ. ನೀವು ಯಾರನ್ನ ಕಾಯ್ತಾ ಕೂತಿದ್ದೀರಿ?"

ನಾನು ಮುಖ ತಿರುಗಿಸಿದೆ. ಹಾಗೆ ತಿರುಗಿಸಿದ್ದಕ್ಕೇ ಕಂಡಿತು: ಬದುವಿನ ಜೊಂಡಿನ ನಡುವೆ ಏನೋ ಬಾಲ ಕುಣಿಸುತ್ತ ಒಳಸೇರಿತು. ಮೆಲ್ಲಗೆ ಹೋಗಿ ಜೊಂಡು ಸರಿಸಿದರೆ ನಾಲ್ಕು ಮೊಟ್ಟೆ, ಮೇಲೆಲ್ಲ ಮಸಿ ಚೆಲ್ಲಿದಂತೆ. ಇವರನ್ನು ಕರೆದು ತೋರಿಸಿದೆ. ಇವರು ಮೊಣಕಾಲೂರಿ ಬಗ್ಗಿದರು.

"ಬಣ್ಣದ ಉಲ್ಲಂಕಿ ಕಣೇ! ಈ ಸುತ್ತಿನಲ್ಲಿ ಇದರ ಗೂಡಿನ ಫೋಟೋ ಯಾರೂ ತೆಗೆದಿಲ್ಲ."

"ಈ ಗೂಡು ನನ್ನದು. ಮರೆಯೊಳಗೆ ನಾನೇ ಕೂರ್ತೀನಿ," ಎಂದೆ.

"ಕೂತ್ಕೊಳ್ಳೇ, ಯಾರು ಬೇಡ ಅಂದ್ರು?" ಎಂದರು. ಹದಿನೈದು ದಿನದಲ್ಲಿ ಮರೆಯನ್ನು ದಿನಕ್ಕಿಷ್ಟು ಹತ್ತಿರ ತಂದು ಹಕ್ಕಿಗೆ ರೂಢಿ ಮಾಡಿಸಿದೆವು. ಬರುವ ಭಾನುವಾರ ನನ್ನ ಸರದಿ. ಅದು ತಪ್ಪಿದರೆ ಮುಂದಿನ ವಾರದೊಳಗೆ ಮೊಟ್ಟೆಯೊಡೆದು ಮರಿಗಳು ಬರುತ್ತವೆ, ಬಂದ ದಿನವೇ ಗೂಡು ಬಿಟ್ಟು ನಡೆಯುತ್ತವೆ.

ಶನಿವಾರ ಸಂಜೆ ಇವರು ಕಾಫಿ ಲೋಟ ತಿರುಗಿಸುತ್ತ, ನನ್ನ ಮುಖ ನೋಡದೆ ಹೇಳಿದರು.

"ನಾಳೆ ಜಯದೇವಪ್ಪನವರು ಬರ್ತಾರೆ. ಫೋಟೋ ಕ್ಲಬ್ಬಿನ ಅಧ್ಯಕ್ಷರು. ಮರೆಯಲ್ಲಿ ಅವರು ಕೂರ್ಲಿ. ನಿಂದು ಮುಂದಿನ ವಾರ."

"ಮುಂದಿನ ವಾರ ಮೊಟ್ಟೆಚಿಪ್ಪು ನೋಡ್ಲಾ?"

"ದೊಡ್ಡೋರಿಗೆ ಆಗಲ್ಲ ಅನ್ನಕ್ಕಾಗುತ್ತಾ, ಉಮಾ?"

ನನಗೆ ಅನ್ನಬಹುದು! ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ ನನ್ನ ಸರದಿಯನ್ನು ಬಿಟ್ಟುಕೊಟ್ಟಿದ್ದರು. ಅವರದನ್ನಲ್ಲ, ನನ್ನದನ್ನು. ಆ ಕೋಪದಲ್ಲಿ ಬೆಳಿಗ್ಗೆ ಚಿತ್ರಾನ್ನಕ್ಕೆ ಉಪ್ಪನ್ನೇ ಹಾಕಲಿಲ್ಲ. ಮರೆತಿದ್ದಲ್ಲ.

ಜಯದೇವಪ್ಪನವರ ಮಾರಿಸ್ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವರ ಪಾಠ. "ಮರೆ ಹತ್ರ ಉಸಿರೂ ಗಟ್ಟಿ ಬಿಡಬಾರ್ದು. ಅಲ್ಲಿ ಗಲಾಟೆ ಮಾಡಿದ್ರೆ ಹಕ್ಕಿ ಮೊಟ್ಟೆ ಬಿಟ್ಟೇ ಹೋಗುತ್ತೆ. ಅಂಥೋರನ್ನ ನಾನು ಕ್ಲಬ್ಬಿಗೇ ಸೇರ್ಸಲ್ಲ." ಇವರು ಹೂಂ ಸಾರ್, ಹೂಂ ಸಾರ್ ಎಂದು ತಲೆಯಾಡಿಸಿದರು. ಆಮೇಲೆ ಅವರು ನನ್ನ ಕಡೆ ತಿರುಗಿ ನಕ್ಕರು. "ತಾಯೀ, ಈ ಹಕ್ಕೀಲಿ ಬಣ್ಣದ್ದು ಹೆಣ್ಣು. ಮೊಟ್ಟೆ ಇಟ್ಟು ಹೊರಟೋಗುತ್ತೆ. ಕಾವು ಕೂರೋದು ಗಂಡು. ಕಲಿಗಾಲ ನೋಡಿ!"

ನಾನು ನಗಲಿಲ್ಲ.

ಕಾರು ನಿಲ್ಲಿಸಿ ಅವರು ತಮ್ಮ ಕ್ಯಾಮೆರಾ ಜೋಡಿಸಿಕೊಳ್ಳುವಷ್ಟರಲ್ಲಿ, ನಮ್ಮ ಕ್ಯಾಮೆರಾ ಇದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡು ನಾನು ಮುಂದೆ ನಡೆದುಬಿಟ್ಟೆ. ಮರೆಯೊಳಗೆ ಹೊಕ್ಕು, ಗೋಣಿಯ ಬಾಯನ್ನು ಒಳಗಿಂದ ದಾರ ಹಾಕಿ ಬಿಗಿದೆ. ಸ್ವಲ್ಪ ಹೊತ್ತಿಗೆ ಹೊರಗೆ ಎರಡು ಜೊತೆ ಕಾಲು ಬಂದು ನಿಂತವು.

"ಉಮಾ, ಹೊರಗೆ ಬಾ," ಇವರು ಪಿಸುಗುಟ್ಟಿದರು. "ಸಾರ್ ಬಂದಿದಾರೆ."

"ಬರಲ್ಲ."

"ಮಾನ ಕಳೀಬೇಡ ಕಣೇ. ನಾನು ಏನ್ ಹೇಳ್ಲಿ ಅವರಿಗೆ?"

"ಕೂಗಿ ಬೇಕಾದ್ರೆ. ಸಾರ್ ಮುಂದೇನೇ ಕೂಗಿ."

ಇವರು ಹಲ್ಲು ಕಡಿದ ಸದ್ದು ಗೋಣಿಯಾಚೆಯಿಂದ ನನಗೆ ಕೇಳಿಸಿತು. ಕೂಗುವ ಹಾಗಿಲ್ಲ, ಗೋಣಿ ಕೀಳುವ ಹಾಗಿಲ್ಲ. ಕಾರಿನಲ್ಲಿ ಪಾಠ ಹೇಳಿದವರೇ ಪಕ್ಕದಲ್ಲಿ ನಿಂತಿದ್ದರು. ಕೊನೆಗೆ ಅವರೇ ಗಂಟಲು ಸರಿಮಾಡಿಕೊಂಡು, "ಬನ್ರೀ ಗೌರೀಶಂಕರ್, ಹಕ್ಕಿ ಹತ್ರಾನೇ ಇದೆ," ಎಂದರು.

"ಗಟ್ಟಿಯಾಗಿ ಮಾತಾಡ್ಕೊಂಡು ಹೋಗಿ," ಎಂದೆ ನಾನು. "ಹಿಂದೆ ತಿರುಗಿ ನೋಡ್ಬೇಡಿ, ಅದಕ್ಕೆ ಅನುಮಾನ ಬರುತ್ತೆ."

ಇಬ್ಬರೂ ಮಳೆ ಬೆಳೆ ಅಂತ ಏನೇನೋ ಮಾತಾಡುತ್ತ ಹೋದರು.

ಕಾಲು ಗಂಟೆಯಾಗಿರಬೇಕು. ಜೊಂಡು ಅಲುಗಿತು. ಮಣ್ಣುಬಣ್ಣದ ಹಕ್ಕಿ, ಕಣ್ಣಿನ ಸುತ್ತ ಬೆಣ್ಣೆಬಣ್ಣದ ಗೆರೆ. ಒಂದು ಹೆಜ್ಜೆ ಇಟ್ಟು ನಿಂತಿತು, ಇನ್ನೊಂದು ಇಟ್ಟಿತು. ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಿ, ಎದೆಯ ಗರಿ ಕೆದರಿ, ಮೆಲ್ಲಗೆ ಕೂತಿತು. ನನ್ನಿಂದ ಐದೇ ಅಡಿ. ಅದು ಉಸಿರಾಡುವುದು ಕಾಣುತ್ತಿತ್ತು. ನನಗೆ ಅಳು ಬಂತು, ಆರು ವರ್ಷದ ಸಿಟ್ಟೆಲ್ಲ ಸೇರಿ ಬಂತು. ಇಷ್ಟನ್ನು ಇವರು ಪ್ರತಿಸಲ ಒಬ್ಬರೇ ನೋಡುತ್ತಿದ್ದರು, ಮನೆಗೆ ಬಂದು "ಬೆಳಕು ಸಾಲ್ದು" ಎಂದಷ್ಟೇ ಹೇಳುತ್ತಿದ್ದರು.

ಗೋಣಿಯ ಇನ್ನೊಂದು ತೂತಿನಲ್ಲಿ ಹೊಂಗೆ ಮರ ಕಂಡಿತು. ನನ್ನ ಕಲ್ಲಿನ ಮೇಲೆ ಅಧ್ಯಕ್ಷರು ಕೂತಿದ್ದರು. ಇವರು ಬಿಸಿಲಲ್ಲಿ ನಿಂತಿದ್ದರು.

ಮೂರು ಗಂಟೆಯಾದ ಮೇಲೆ, ಪದ್ಧತಿಯಂತೆ, ನನ್ನನ್ನು ಕರೆದೊಯ್ಯಲು ಇವರು ಬಂದರು. ಮುಖ ಸುಟ್ಟ ಬದನೆಕಾಯಿಯಾಗಿತ್ತು. ಗೂಡಿನಿಂದ ದೂರ ಬಂದ ಮೇಲೆ ಕೈ ಚಾಚಿ ಕ್ಯಾಮೆರಾ ಕಿತ್ತುಕೊಂಡರು.

"ಹಕ್ಕಿ ಬಂತು ತಾನೆ? ರೋಲಿನ ಹನ್ನೆರಡು ಫೋಟೋನೂ ತೆಗೆದ್ಯಾ? ಒಂದಾದ್ರೂ ಚೆನ್ನಾಗಿ ಬಂದಿದ್ರೆ ಸಾರ್ ಹತ್ರ ನಾನೇ ಏನಾದ್ರೂ ಹೇಳಿ, ನನ್ನ ಹೆಸರಲ್ಲಿ..."

ಅಷ್ಟರಲ್ಲಿ ಅವರ ಕಣ್ಣು ಕ್ಯಾಮೆರಾದ ಪಕ್ಕದಲ್ಲಿ ಎಷ್ಟನೆಯ ಫೋಟೋ ಎಂದು ತೋರಿಸುವ ಪುಟ್ಟ ಕಿಂಡಿಯ ಮೇಲೆ ಬಿತ್ತು. ಅಲ್ಲಿ ಬೆಳಿಗ್ಗೆ ಇದ್ದ ಒಂದರ ಅಂಕಿಯೇ ಇತ್ತು.

"ಒಂದೂ ತೆಗೀಲಿಲ್ವಾ?" ಈಗ ಅವರು ಕೂಗಿದರು. ಕೆರೆಯೆಲ್ಲ ಕೇಳುವ ಹಾಗೆ ಕೂಗಿದರು. "ಯಾಕೆ?"

"ನಾನು ನೋಡಕ್ಕೆ ಹೋಗಿದ್ದು," ಎಂದೆ. "ಸಾಯಂಕಾಲ ಮರೆ ಬಿಚ್ಚುವಾಗ ಗೂಟ ನೀವೇ ಹೊತ್ಕೊಂಡು ಬನ್ನಿ."

ಮರದ ಕೆಳಗೆ ಜಯದೇವಪ್ಪನವರು ಉಪ್ಪಿಲ್ಲದ ಚಿತ್ರಾನ್ನವನ್ನು ಮರ್ಯಾದೆಗೆ ಅಗಿಯುತ್ತಿದ್ದರು. "ಹಕ್ಕಿ ಹೇಗಿತ್ತಮ್ಮಾ?" ಎಂದು ಕೇಳಿದರು.

"ಹೇಳಕ್ಕೆ ಬರಲ್ಲ ಸಾರ್," ಎಂದೆ. "ಅದನ್ನ ಒಬ್ಬರೇ ಕೂತು ನೋಡ್ಬೇಕು."