ಮಾವನ ಹಸಿ ಹೆಬ್ಬೆರಳು

ನಮ್ಮ ಕಾರ್ಖಾನೆಯಲ್ಲಿ ಮೇಜಿಗೆ ಸುರಿದ ರೆಸಿನ್ ಅಂಟು ಗಟ್ಟಿಯಾಯಿತೋ ಇಲ್ಲವೋ ಎಂದು ಮೂವತ್ತು ವರ್ಷ ಹೇಳಿದ್ದು ಮಾವನ ಹೆಬ್ಬೆರಳು. ಅಂಚಿನಲ್ಲಿ ಒತ್ತಿ ನೋಡಿ 'ಆಯ್ತು' ಎಂದರೆ ಆಯಿತು. ನನ್ನನ್ನು ಸಾಕಿ ಅಲ್ಲಿ ಕೆಲಸಕ್ಕೆ ಸೇರಿಸಿದವರೂ ಅವರೇ.

ಆಮೇಲೆ ಮೀಟರ್ ಬಂತು. ರೆಸಿನ್‌ಗೆ ಚಿಟಿಕೆ ಪುಡಿ ಬೆರೆಸಿ ನೀಲಿ ಬೆಳಕು ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಗಟ್ಟಿಯಾದಷ್ಟೂ ಹೊಳಪು ಹೆಚ್ಚು. ಮೀಟರಿನಲ್ಲಿ ನೂರು ಬಂದರೆ ಪೂರ್ತಿ ಗಟ್ಟಿ. ಅದನ್ನು ಓದುವ ಕೆಲಸ ನನಗೆ ಸಿಕ್ಕಿತು, ಮಾವನಿಗೆ ಮನೆಗೆ ಹೋಗುವ ಪತ್ರ. ಉಂಡ ಮನೆಗೆ ಎರಡು ಬಗೆದವನು ನಾನು. ಆ ವಾರ ಅತ್ತೆಯ ಮುಖ ನೋಡಲಾಗಲಿಲ್ಲ.

ಕೊನೆಯ ದಿನ ಮಾವ ಗೇಟಿಗೆ ಬಂದರು. ದೇವರು ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ಹಸಿ ರೆಸಿನ್ ಗೇಟು ದಾಟಬಾರದೆಂದು ಮ್ಯಾನೇಜರರು ಹೊಸ ನಿಯಮ ಮಾಡಿದ್ದರು. ಕಾವಲುಗಾರನ ನೀಲಿ ಟಾರ್ಚಿಗೆ ರೆಸಿನ್ ಮೆತ್ತಿದ್ದ ಮಾವನ ಹೆಬ್ಬೆರಳು ಹಸಿರಾಗಿ ಹೊಳೆಯಿತು. ಮೀಟರ್ ಹಿಡಿದೆ: ಅರವತ್ತೆರಡು. ಬೆರಳು ಬಿಟ್ಟು ಮಿಕ್ಕ ಮೈಯೆಲ್ಲ ಹೋಗಬಹುದು ಎಂದ ಕಾವಲುಗಾರ. ತಮಾಷೆಗಲ್ಲ. ಮ್ಯಾನೇಜರರು ತಲೆ ಕೆರೆದುಕೊಂಡು, ಬೆರಳು ನೂರು ಮುಟ್ಟುವವರೆಗೆ ಮಾವ ನೌಕರಿಯಲ್ಲೇ ಇರಬೇಕೆಂದು ಬರೆದರು. ರಾತ್ರಿ ಮನೆಗೆ ಹೋಗಿಬರಲು ಬೆರಳಿಗೊಂದು ತಾತ್ಕಾಲಿಕ ಪಾಸೂ ಸಿಕ್ಕಿತು.

ದಿನಾ ಬೆಳಿಗ್ಗೆ ಅಳೆದೆ. ಎಂಟನೇ ದಿನ ತೊಂಬತ್ತೆಂಟು. ಒಂಬತ್ತನೇ ದಿನ ನೂರು.

"ಎಪ್ಪತ್ತು," ಎಂದೆ.

ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರರಿಗೆ ಅನುಮಾನ ಬಂತು. ತಾವೇ ಓದುತ್ತೇನೆಂದು ಕನ್ನಡಕ ತರಲು ಒಳಗೆ ಹೋದರು. ಮಾವ ತೋರುಬೆರಳಿನಿಂದ ಹೆಬ್ಬೆರಳನ್ನು ಒತ್ತಿ ನೋಡಿಕೊಂಡರು. ಅವರಿಗೆ ಮೀಟರ್ ಬೇಕಿರಲಿಲ್ಲ.

"ನನಗೋಸ್ಕರ ಸುಳ್ಳು ಓದಿ ನಿನ್ನ ಕೆಲಸ ಕಳ್ಕೋಬೇಡ ಮಗಾ," ಎಂದವರೇ ಮೇಜಿನ ಮೇಲಿದ್ದ ಹಸಿ ರೆಸಿನ್ ಮಗ್ಗಿನಲ್ಲಿ ಹೆಬ್ಬೆರಳು ಅದ್ದಿದರು.

ಮ್ಯಾನೇಜರರು ಬಂದು ಮೀಟರ್ ಹಿಡಿದರು. ಹದಿನೆಂಟು.

"ಇದು ಹಿಂದಕ್ಕೆ ಹೋಗ್ತಾ ಇದೆಯಲ್ಲ," ಎಂದರು. ನಾನು ಸರಿಯಾಗಿಯೇ ಓದಿದ್ದೆನೆಂದು ಒಪ್ಪಿಕೊಂಡು, ಲೆಕ್ಕ ಹಾಕಿ, ಮಾವನನ್ನು ಇನ್ನೂ ಹತ್ತು ವರ್ಷ ಇಟ್ಟುಕೊಳ್ಳಲು ಬರೆದರು.

ಸಂಜೆಯವರೆಗೂ ಮಾವ ಬೆರಳು ಒರೆಸಲಿಲ್ಲ. ಹೊರಡುವಾಗ ಆ ಕೈಯನ್ನು ನನ್ನ ಹೆಗಲ ಮೇಲಿಟ್ಟರು. ಗೇಟಿನಲ್ಲಿ ಟಾರ್ಚು ಬಿದ್ದೊಡನೆ ಅಂಗಿಯ ಮೇಲೆ ಅವರ ಹೆಬ್ಬೆರಳ ಗುರುತು ಹಸಿರಾಗಿ ಹೊಳೆಯಿತು. ಅಂಗಿ ಬಿಚ್ಚಿಟ್ಟು ಹೋಗು ಎಂದ ಕಾವಲುಗಾರ.

ನಾನು ಬಿಚ್ಚಲಿಲ್ಲ. ಮಾವನ ಹಿಂದೆ, ಪಾಸಿನ ಸಾಲಿನಲ್ಲಿ ನಿಂತೆ.