ಚಂದ ಕಾಣಬಾರದ ಫೋಟೊ

"ಇನ್ನೂ ಸ್ವಲ್ಪ ಬಳಿ. ಕಿವಿ ಕೆಳಗ ಬೆಳ್ಳಗ ಕಾಣಾಕತ್ತೈತಿ" ಎಂದಳು ಊರವರಿಗೆಲ್ಲ ದೃಷ್ಟಿ ತೆಗೆಯುವ ಸತ್ತೂತಜ್ಜಿ.

ಬದ್ರಿಯ್ಯಾ ಚಹಾ ಪಾತ್ರೆಯ ತಳಕ್ಕೆ ಬೆರಳು ಒರೆಸಿ ಮಗನ ಕಿವಿಯ ಕೆಳಗೆ ಮಸಿ ಎಳೆದಳು. ಮಗು ಕಣ್ಣು ಮುಚ್ಚಿ, ಮುಖ ಮುಂದೆ ಚಾಚಿ ನಿಂತಿತ್ತು. ದಿನಾ ರೂಢಿಯಾದ ಕೆಲಸ, ಅದಕ್ಕೇನೂ ಬೇಸರವಿರಲಿಲ್ಲ. ಬೇಸರವಿದ್ದದ್ದು ಮೇವಿನ ಹೊಲದ ಬದುವಿನ ಮೇಲೆ ಕ್ಯಾಮೆರಾ ಹಿಡಿದು ಕಾಯುತ್ತಿದ್ದ ಇನ್ಶಿರಾಹಳಿಗೆ.

ವಸಂತದ ಹಬ್ಬದ ದಿನ ಕಿನಾ ಊರಿನಲ್ಲಿ ಮನೆಯೊಳಗೆ ಉಳಿಯುವವರು ಕಾಯಿಲೆ ಬಿದ್ದವರು ಮತ್ತು ಜಗಳವಾಡಿಕೊಂಡವರು ಮಾತ್ರ. ಉಳಿದವರೆಲ್ಲ ಚಾಪೆ, ಬಣ್ಣದ ಮೊಟ್ಟೆ, ಹಸಿ ಈರುಳ್ಳಿ, ಅರ್ಧ ಫರ್ಲಾಂಗಿಗೇ ನಾರುವ ಉಪ್ಪುಮೀನು ಕಟ್ಟಿಕೊಂಡು ನೈಲ್ ದಂಡೆಗೆ ಬಂದು ಬಿದ್ದಿದ್ದರು. ಇನ್ಶಿರಾಹಳಿಗೆ ಅದು ಸುಗ್ಗಿಯ ದಿನ. ಸ್ಟುಡಿಯೊದೊಳಗೆ ಬಣ್ಣದ ಪರದೆ ಮುಂದೆ ಮಕ್ಕಳನ್ನು ಗೊಂಬೆಗಳಂತೆ ಕೂರಿಸುವ ಕಾಲ ಹೋಗಿತ್ತು. ಈಗ ಎಲ್ಲರಿಗೂ ಹುಲ್ಲು, ನೀರು, ಬಿಸಿಲಿನ ನಡುವೆ ನಗುವ ಮಕ್ಕಳೇ ಬೇಕು. ಹಾಗೆ ನಗಿಸುವುದರಲ್ಲಿ ಇನ್ಶಿರಾಹಳದು ಎತ್ತಿದ ಕೈ. ಬೇರೆ ತಾಯಂದಿರು ಮಕ್ಕಳ ಮುಖ ತೊಳೆದು, ತಲೆ ಬಾಚಿ ಸಾಲಾಗಿ ನಿಲ್ಲಿಸಿಕೊಂಡಿದ್ದರೆ ಬದ್ರಿಯ್ಯಾ ಒಬ್ಬಳು ಮಸಿ ಬಳಿಯುತ್ತಿದ್ದಳು.

ಮಗುವಿಗೆ ನಾಲ್ಕು ತುಂಬಿತ್ತು. ಗಂಡು ಮಗು, ಆದರೆ ಮೈಮೇಲೆ ಹುಡುಗಿಯರ ಹಳೇ ಲಂಗ, ಒಂದೇ ಕಿವಿಗೆ ಓಲೆ. ಹೆಸರು ಶಹ್ಹಾತ, ಅಂದರೆ ಭಿಕ್ಷುಕ. ಹುಟ್ಟಿದ ವಾರದಲ್ಲೇ ಬದ್ರಿಯ್ಯಾ ಮನೆಮನೆಗೆ ಹೋಗಿ ರೊಟ್ಟಿ ತುಂಡು ಬೇಡಿ ತಂದು ಆ ಹೆಸರಿಟ್ಟಿದ್ದಳು. ಬೇಡಿ ಬೆಳೆಸಿದ ಮಗುವಿನ ಮೇಲೆ ಯಾರು ತಾನೇ ಕಣ್ಣು ಹಾಕುತ್ತಾರೆ? ಇವನಿಗಿಂತ ಮೊದಲು ಹುಟ್ಟಿದ ಇಬ್ಬರು ಗಂಡುಮಕ್ಕಳು ಒಳ್ಳೆಯ ಹೆಸರಿಟ್ಟುಕೊಂಡು, ಒಳ್ಳೆಯ ಬಟ್ಟೆ ತೊಟ್ಟುಕೊಂಡು ಮಣ್ಣು ಸೇರಿದ್ದರು.

"ಅಷ್ಟು ಹೆದರಿಕಿ ಇದ್ರ ಫೋಟೊ ಯಾಕ ಬೇಕವ್ವ ನಿನಗ?" ಎಂದು ಇನ್ಶಿರಾಹ್ ಕೇಳಿಯೇಬಿಟ್ಟಳು.

ಬದ್ರಿಯ್ಯಾ ಬೆರಳಿನ ಮಸಿಯನ್ನು ಹುಲ್ಲಿಗೆ ಒರೆಸಿದಳು. "ಎರಡನೇ ಅವ ಇದ್ದನಲ್ಲ, ನನ್ನ ಇದ್ರೀಸ, ಮೂರು ವರ್ಷದಾಂವ. ಅವನ ಮುಖ ಮರ್ತು ಹೋಗಾಕತ್ತೈತಿ ಅಕ್ಕಾ. ಮೂಗು ನೆನಪೈತಿ, ಕಣ್ಣು ನೆನಪೈತಿ. ಎರಡೂ ಕೂಡಿಸಿ ನೋಡ್ತೀನಂದ್ರ ಕೂಡವಲ್ವು. ಒಂದ ಫೋಟೊ ತೆಗಿಸಿದ್ದಿಲ್ಲ. ಇವಂದೊಂದು ಇರ್ಲಿ ಅಂತ. ಆದ್ರ ಚಂದ ಕಾಣಬಾರ್ದು ನೋಡು. ನಿನ್ನ ಕೈ ಮುಗೀತೀನಿ."

ಇನ್ಶಿರಾಹ್ ಕ್ಯಾಮೆರಾ ಎತ್ತಿದಳು. ಮಗು ಬದುವಿನ ಮೇಲೆ ಮುಖ ಗಂಟು ಹಾಕಿಕೊಂಡು ಕೂತಿತು. ಫೋಟೊ ಬಂತು. ಯಾವುದೋ ಒಲೆಯೊಳಗಿಂದ ಎದ್ದು ಬಂದ ಪುಟ್ಟ ಪಿಶಾಚಿಯ ಫೋಟೊ. ಬದ್ರಿಯ್ಯಾ ಬಗ್ಗಿ ನೋಡಿ, "ಸಾಕು, ಭಾಳ ಛಲೋ ಬಂತು" ಎಂದು ಹಿಗ್ಗಿ, ಅಕ್ಕನಿಗೊಂದು ಬಣ್ಣದ ಮೊಟ್ಟೆ ತರುತ್ತೇನೆಂದು ಚಾಪೆಯ ಕಡೆ ಓಡಿದಳು.

ಇನ್ಶಿರಾಹಳಿಗೆ ಸಾಕಾಗಿರಲಿಲ್ಲ. ಅಡುಗೆಯವಳಿಗೆ ಉಪ್ಪು ಹಾಕದೆ ಬಡಿಸು ಎಂದರೆ ಆಗುವ ಸಂಕಟ ಅವಳದು. ಅಷ್ಟರಲ್ಲಿ ಬಾತುಮರಿಗಳ ಹಿಂದೆ ಬಿದ್ದ ಮಗು ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ನೀರಿಗಿಳಿಯಿತು. ಎರಡೂ ಕೈಯಿಂದ ನೀರು ಚಿಮ್ಮಿಸಿಕೊಂಡಿತು, ಮುಖ ಉಜ್ಜಿಕೊಂಡಿತು. ಮಸಿ ಕರಗಿ ಹೋಯಿತು. ಜೊಂಡಿನ ನಡುವಿನ ಬಿಸಿಲು ಒದ್ದೆ ಕೆನ್ನೆಯ ಮೇಲೆ ಬಿತ್ತು. ಮಗು ತಲೆಯೆತ್ತಿ, ಹಾರಿಹೋದ ಯಾವುದೋ ಹಕ್ಕಿಯನ್ನು ನೋಡಿ ನಕ್ಕಿತು.

ಕ್ಯಾಮೆರಾ ತಾನಾಗಿ ಕಣ್ಣಿಗೆ ಬಂತು. ಗುಂಡಿ ಒತ್ತಿದ ಮರುಕ್ಷಣವೇ ಅವಳ ಬಾಯಿಂದ ಮಾತೂ ಹೊರಬಿತ್ತು. "ಯಪ್ಪಾ! ಎಷ್ಟು ಚಂದ ಅದೀಯೋ!"

ದಂಡೆಯ ಮೇಲಿನ ಹೆಂಗಸರೆಲ್ಲ ಒಮ್ಮೆಗೇ ತಿರುಗಿದರು. ಹೊಗಳಿದ ಕೂಡಲೇ ದೃಷ್ಟಿ ತಾಗದಂತೆ ಸೇರಿಸಬೇಕಾದ ದೇವರ ಹೆಸರು ಆ ಮಾತಿನ ಹಿಂದೆ ಬರಲಿಲ್ಲ. ಇಷ್ಟು ವರ್ಷ ಸಾವಿರ ಮಕ್ಕಳ ಮುಂದೆ ಹೇಳಿದ್ದ ಮಾತು ಇವತ್ತೇ ಕೈಕೊಟ್ಟಿತ್ತು. "ಮಾಷಾ ಅಲ್ಲಾಹ್" ಎಂದು ಅವಳು ಸೇರಿಸುವಷ್ಟರಲ್ಲಿ, ಕೂಗಿಗೆ ಬೆಚ್ಚಿ ತಿರುಗಿದ ಮಗು ಪಾಚಿಗೆ ಕಾಲಿಟ್ಟು ಜಾರಿ ಹುಬ್ಬು ಕಲ್ಲಿಗೆ ಬಡಿದುಕೊಂಡಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಗಾಯ ಸಣ್ಣದು, ರಕ್ತ ಮಾತ್ರ ಧಾರಾಳ. ಬದ್ರಿಯ್ಯಾಳ ಕೈಯ ಮೊಟ್ಟೆ ಎಲ್ಲಿ ಬಿತ್ತೋ, ಮಗನನ್ನು ಎದೆಗವಚಿಕೊಂಡು ಹುಲ್ಲಿನ ಮೇಲೆ ಕುಸಿದಳು. ಹೆಂಗಸರು ಗುಂಪುಗೂಡಿದರು. ಯಾರೋ ಕಾಫಿ ಪುಡಿ ಒತ್ತಿದರು, ರಕ್ತ ನಿಂತಿತು. ಗುಸುಗುಸು ನಿಲ್ಲಲಿಲ್ಲ. ಇನ್ಶಿರಾಹ್ ಹತ್ತಿರ ಹೋಗಲೂ ಆಗದೆ, ಬಿಟ್ಟು ಬರಲೂ ಆಗದೆ ನಿಂತಿದ್ದಳು. ಅವಳ ಅಂಗಿಯ ಅಂಚು ಹಿಂದಿನಿಂದ ಯಾರೋ ಜಗ್ಗಿದಂತಾಯಿತು. ತಿರುಗಿದರೆ ಸತ್ತೂತಜ್ಜಿ, ಕೈಯಲ್ಲಿ ಕತ್ತರಿ.

"ಏನಜ್ಜಿ ಇದು?"

"ಏನಿಲ್ಲ ಮಗಳ. ದಾರ ಜೋತು ಬಿದ್ದಿತ್ತು."

ಆ ದಾರದ ಕಥೆ ಇನ್ಶಿರಾಹಳಿಗೆ ಗೊತ್ತಿಲ್ಲದ್ದೇ? ಕಣ್ಣು ಹಾಕಿದವರ ಬಟ್ಟೆಯ ಚೂರು ಕದ್ದು ಪಟಿಕದ ಜೊತೆ ಕೆಂಡಕ್ಕೆ ಹಾಕುತ್ತಾರೆ. ಕಿನಾದಲ್ಲಿ ಯಾರ ಬಟ್ಟೆ ಹಾಗೆ ಒಮ್ಮೆ ಸುಟ್ಟಿತೋ ಅವರಿಗೆ ಕೆಟ್ಟ ಕಣ್ಣಿನವರೆಂಬ ಹೆಸರು ಅಂಟಿತು. ಆಮೇಲೆ ಯಾವ ತಾಯಿ ಅವಳ ಕ್ಯಾಮೆರಾದ ಮುಂದೆ ಮಗುವನ್ನು ತಂದು ನಿಲ್ಲಿಸುತ್ತಾಳೆ?

ಅವಳಿಗೆ ಅಳುವೇ ಬಂತು, ಸಿಟ್ಟೂ ಬಂತು. "ನಂದು ಕೆಟ್ಟ ಕಣ್ಣಾ? ಇಲ್ಲಿರೋ ಎಲ್ಲಾರ ಮನಿ ಗ್ವಾಡಿ ಮ್ಯಾಲ ನಾ ತೆಗೆದ ಫೋಟೊ ಅದಾವು. ಎಷ್ಟು ಮಕ್ಕಳು ಸತ್ತಾವು ಹೇಳ್ರಿ!" ಎಂದು ಕಿರುಚಿದಳು. ಬದ್ರಿಯ್ಯಾಳ ಮುಂದೆ ಹೋಗಿ ಕೂತು, "ತಗೋ, ಈ ಫೋಟೊ ನಿನ್ನ ಎದುರಿಗೇ ಅಳಿಸಿಬಿಡ್ತೀನಿ, ಆತಿಲ್ಲೋ?" ಎಂದಳು.

"ಮೊದ್ಲ ತೋರ್ಸು" ಎಂದಳು ಬದ್ರಿಯ್ಯಾ. "ಯಾವ ಚಂದಕ್ಕ ನನ್ನ ಕೂಸಿನ ರಕ್ತ ಬಂತೋ, ನಾನೂ ನೋಡ್ತೀನಿ."

ಇನ್ಶಿರಾಹ್ ತೋರಿಸಿದಳು.

ಬದ್ರಿಯ್ಯಾ ನೋಡಿದಳು. ತೊಡೆಯ ಮೇಲೆ ಬಿಕ್ಕುತ್ತಿದ್ದ ಮಗನ ಮುಖ ನೋಡಿದಳು, ಮತ್ತೆ ಫೋಟೊ ನೋಡಿದಳು. ಹುಟ್ಟಿದಾಗಿನಿಂದ ಮಸಿಯೊಳಗೆ ಬೆಳೆದ ಈ ಮಗ ಹೀಗೆ ತೊಳೆದ ಮುಖದಲ್ಲಿ, ಬಿಸಿಲಿನಲ್ಲಿ, ತಲೆಯೆತ್ತಿ ನಕ್ಕದ್ದನ್ನು ಅವಳೇ ಕಂಡಿರಲಿಲ್ಲ.

"ಇವ ಶಹ್ಹಾತ ಅಲ್ಲ" ಎಂದಳು ಮೆಲ್ಲಗೆ. "ಇವ ಇದ್ರೀಸ. ಅಜ್ಜೀ, ನೋಡ ಬಾ. ಮೂಗು, ಕಣ್ಣು, ಎಲ್ಲಾ ಕೂಡಿ ಬಂದೈತಿ. ನನ್ನ ಇದ್ರೀಸ ಹಿಂಗ ಇದ್ದ."

ಸತ್ತೂತಜ್ಜಿ ಬಗ್ಗಿ ನೋಡಿ ಕಣ್ಣೊರೆಸಿಕೊಂಡಳು.

"ಅಳಿಸಬ್ಯಾಡ ಅಕ್ಕಾ" ಎಂದಳು ಬದ್ರಿಯ್ಯಾ. ಮರುಗಳಿಗೆಗೇ, "ಇಲ್ಲ, ಅಳಿಸು. ಅಳಿಸಿಬಿಡು. ಇದು ಇದ್ರ ದೃಷ್ಟಿನೂ ಇರ್ತೈತಿ. ನಾಳೆ ಇವನಿಗೂ ಏನಾರ ಆತಂದ್ರ?" ಎಂದಳು. ಇನ್ಶಿರಾಹಳ ಬೆರಳು ಗುಂಡಿಯ ಹತ್ತಿರ ಹೋದದ್ದೇ ತಡ ಆ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ತಡಿ. ಅಳಿಸಿದ್ರ ಅವ ಮತ್ತ ಹೋಗ್ತಾನ. ನಾ ಏನ್ ಮಾಡ್ಲಿ ಅಕ್ಕಾ? ಒಬ್ಬನ್ನ ಉಳಿಸಿಕೊಳ್ಳಾಕ ಇನ್ನೊಬ್ಬನ್ನ ಎಷ್ಟು ಸಲ ಮಣ್ಣು ಮಾಡ್ಲಿ?"

ಚಹಾದ ಒಲೆಯಲ್ಲಿ ಕೆಂಡ ಇನ್ನೂ ಇತ್ತು. ಸತ್ತೂತಜ್ಜಿ ಯಾರ ಮುಖವನ್ನೂ ನೋಡದೆ, "ದೃಷ್ಟಿ ಸುಟ್ರ ಫೋಟೊ ಇಟ್ಕೊಳ್ಳಾಕ ಏನೂ ಅಡ್ಡಿಲ್ಲ" ಎಂದು ಗೊಣಗಿದಳು. "ಆದ್ರ ಕದ್ದ ಚೂರಿಗಿಂತ ಕೊಟ್ಟ ಚೂರು ಛಲೋ. ಯಾರು ಕೊಡ್ತಾರ? ಕೊಟ್ರ ಕೆಟ್ಟ ಕಣ್ಣಿನಾಕಿ ಅಂತ ಒಪ್ಪಿಕೊಂಡಂಗ."

ಇನ್ಶಿರಾಹ್ ಸುತ್ತ ನೋಡಿದಳು. ಬೆಳಗಿನಿಂದ ಅವಳ ಮುಂದೆ ಸಾಲು ನಿಂತಿದ್ದ ತಾಯಂದಿರೆಲ್ಲ ಅಲ್ಲೇ ಇದ್ದರು. ಒಬ್ಬಳು ಆಗಲೇ ಮಗಳನ್ನು ಹಿಂದೆ ಸರಿಸಿಕೊಂಡು ಸೆರಗಿನಲ್ಲಿ ಮುಚ್ಚಿದ್ದಳು. ನನ್ನ ಕಣ್ಣು ಕೆಟ್ಟದ್ದಲ್ಲ ಎಂದು ಇನ್ನೂ ಹತ್ತು ಸಲ ಕೂಗಬಹುದಿತ್ತು. ಅವಳು ಕೂಗಲಿಲ್ಲ. ಅಜ್ಜಿಯ ಕೈಯಿಂದ ಕತ್ತರಿ ತೆಗೆದುಕೊಂಡಳು, ಹಬ್ಬಕ್ಕೆಂದು ಹೊಲಿಸಿದ ನೀಲಿ ಅಂಗಿಯ ಮುಂದಿನ ಅಂಚನ್ನೇ, ಎಲ್ಲರಿಗೂ ಕಾಣುವ ಜಾಗದಲ್ಲಿ, ಅಂಗೈಯಗಲ ಕತ್ತರಿಸಿದಳು.

"ನನ್ನ ಕಣ್ಣ ಬಿದ್ದದ್ದು. ಸುಡು ಅಜ್ಜಿ."

ಸತ್ತೂತಜ್ಜಿ ಸೊಂಟದ ಚೀಲದಿಂದ ಪಟಿಕ, ಧೂಪ ತೆಗೆದು ಬಟ್ಟೆಯ ಜೊತೆ ಕೆಂಡಕ್ಕೆ ಹಾಕಿದಳು. ಪಟಿಕ ಉಬ್ಬಿ ಚಟಪಟ ಅಂದಿತು. ದಟ್ಟ ಹೊಗೆ ಎದ್ದು ನದಿಯ ಗಾಳಿಗೆ ಓಲಾಡಿತು. ಅಜ್ಜಿ ಬಾಯೊಳಗೇ ಏನೋ ಹೇಳುತ್ತ, "ದಾಟು" ಎಂದಳು.

ಬದ್ರಿಯ್ಯಾ ಎದ್ದಳು. ಮಗನನ್ನು ಎಡಗಂಕುಳಿಗೆ ಏರಿಸಿಕೊಂಡಳು. ನಂತರ ಇನ್ಶಿರಾಹಳ ಮುಂದೆ ಬಲಗೈ ಚಾಚಿದಳು. ಇನ್ಶಿರಾಹ್ ಕೊರಳಿನ ಪಟ್ಟಿ ಬಿಚ್ಚಿ ಕ್ಯಾಮೆರಾ ಕೊಟ್ಟಳು. ಬದ್ರಿಯ್ಯಾ ಅದನ್ನು ಬಲಗಂಕುಳಿಗೆ ಒತ್ತಿಕೊಂಡು, ಎರಡರ ಮೇಲೂ ಕಪ್ಪು ಸೆರಗು ಎಳೆದುಕೊಂಡು, ಯಾವುದೂ ಜಾರದ ಹಾಗೆ ಮೆಲ್ಲನೆ ಹೆಜ್ಜೆಯಿಟ್ಟು ಹೊಗೆಯನ್ನು ದಾಟಿದಳು.